ಒಡ್ಡು ಹಾಕಿದ್ದಕ್ಕೆ ದುಡ್ಡು ಕೊಟ್ಟಿರಿ, ಕಾದಿದ್ದಕ್ಕೂ ಕೊಡಿ

ರಾಜ್ಯದ ಕೃಷಿ ಸಚಿವರಿಗೆ, ಜಲಾನಯನ ಅಭಿವೃದ್ಧಿ ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಶಾಸಕರಿಗೆ

ನಮಸ್ಕಾರ.

ನಾನು ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ದಂಡೆಯ ಒಂದು ಊರಿನ ರೈತ ಹೆಣ್ಣುಮಗಳು. ನಮಗೆ ನಾಲ್ಕು ಎಕರೆ ಎರಿ, ಅಂದರೆ ಕಪ್ಪು ಮಣ್ಣಿನ ಹೊಲ ಇದೆ. ಅದರ ಜೊತೆ ಬೇರೆಯವರ ಆರು ಎಕರೆಯನ್ನು ಲಾವಣಿಗೆ, ಅಂದರೆ ಗೇಣಿಗೆ ಹಾಕಿಕೊಂಡು ಮಾಡುತ್ತೇವೆ. ಈ ವಾರ ಜೋಳದ ರಾಶಿ ಮುಗಿಯಿತು. ಚೀಲ ಮನೆಗೆ ಬಂದವು, ಕಣಿಕೆ ಬಣವೆ ಒಟ್ಟಿ ಆಯಿತು. ಯುಗಾದಿಗೆ ಲಾವಣಿ ಮಾತು ಶುರುವಾಗುತ್ತದೆ. ನಡುವೆ ಸಿಕ್ಕ ಈ ಎರಡು ದಿನದಲ್ಲಿ ಕೂತು ಬರೆಯುತ್ತಿದ್ದೇನೆ.

ನಾನು ಕೇಳುವುದು ಇಷ್ಟು. ಹೊಲದ ಮಣ್ಣು ಉಳಿಸಲು ಸರ್ಕಾರ ಕೊಡುವ ದುಡ್ಡು, ಓಡುವ ನೀರಿಗೆ ಅಡ್ಡವಾಗಿ ಮಣ್ಣಿನ ಒಡ್ಡು ಹಾಕಿದ ದಿನವೇ ಮುಗಿದುಹೋಗಬಾರದು. ಆ ಒಡ್ಡನ್ನು ವರ್ಷ ವರ್ಷ ಕಾಯುವವರಿಗೆ ವರ್ಷ ವರ್ಷ ಏನಾದರೂ ಸಿಗಬೇಕು. ಕಾಯುವವರ ಹೆಸರು ಉತಾರದಲ್ಲಿ, ಅಂದರೆ ಪಹಣಿಯಲ್ಲಿ ಇರಲಿ, ಇಲ್ಲದಿರಲಿ.

ನಮ್ಮ ಕಡೆ ಮಣ್ಣು ಹೇಗೆ ಹೋಗುತ್ತದೆ ಅಂತ ಮೊದಲು ಹೇಳುತ್ತೇನೆ. ನೀರಾವರಿ ಸೀಮೆಯಿಂದ ಬಂದ ಅಧಿಕಾರಿಗಳಿಗೆ ಇದು ಬೇಗ ಹೊಳೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 600 ಮಿಲಿಮೀಟರ್ ಮಳೆ. ಎರಿ ಹೊಲದಲ್ಲಿ ನಾವು ಬಿಳಿ ಜೋಳ, ಕಡಲೆ, ಕುಸುಬಿ ಬಿತ್ತುವುದು ಹಿಂಗಾರಿಗೆ. ಅಂದರೆ ಮಿರಗದ ಮಳೆಯಿಂದ ಉತ್ತರಿ ಮಳೆಯವರೆಗೆ (ಜೂನ್‌ನಿಂದ ಸೆಪ್ಟೆಂಬರ್‌ವರೆಗೆ) ಹೊಲ ಬರೀ ಮೈಯಲ್ಲಿ ಇರುತ್ತದೆ. ಹರಗಿ ಹರಗಿ ಹಸನು ಮಾಡಿ, ನೀರು ಕುಡಿಯಲಿ ಅಂತ ಬಿಟ್ಟಿರುತ್ತೇವೆ. ಮೇಲೆ ಒಂದು ಎಲೆಯ ನೆರಳೂ ಇರುವುದಿಲ್ಲ. ವರ್ಷದ ಮಳೆಯಲ್ಲಿ ದೊಡ್ಡ ಪಾಲು ಬೀಳುವುದು ಇದೇ ಹೊತ್ತಿನಲ್ಲಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದ ಎರಿ ನೆಲ ಮೊದಲ ಮಳೆಗಳನ್ನು ಗಟಗಟ ಕುಡಿಯುತ್ತದೆ. ಆಮೇಲೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಒಂದು ದೊಡ್ಡ ಮಳೆ ಬಿತ್ತು ಅಂದರೆ ನೀರು ಒಳಗೆ ಇಳಿಯುವುದಿಲ್ಲ, ಓಡುತ್ತದೆ. ಓಡುವ ನೀರು ಬರಿಗೈಯಲ್ಲಿ ಹೋಗುತ್ತದೆಯೇ?

50 ಮಿಲಿಮೀಟರ್ ಮಳೆ ಒಂದು ಎಕರೆ ಮೇಲೆ ಬಿದ್ದರೆ ಸುಮಾರು ಎರಡು ಲಕ್ಷ ಲೀಟರ್ ನೀರು. ಎಕರೆಯಲ್ಲಿ ಬರೀ ಒಂದು ಮಿಲಿಮೀಟರ್ ದಪ್ಪ ಮಣ್ಣು ಕೊಚ್ಚಿಹೋದರೂ ಅದು ಹತ್ತಿರ ಹತ್ತಿರ ಐದು ಟನ್. ಒಂದು ಮಿಲಿಮೀಟರ್ ಅಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಅದೇ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತಂದು ಹಾಕಿಸಿ ನೋಡಿ, ಎರಡು ಟ್ರೇಲರ್ ಹತ್ತಿರ ಬೇಕಾಗುತ್ತದೆ. ಹೋಗುವುದು ಮೇಲಿನ ಮಣ್ಣು. ಕಸುವು ಇರುವುದು ಅದರಲ್ಲೇ. ನಾವು ಹಾಕಿದ ತಿಪ್ಪೆ ಗೊಬ್ಬರ, ಕೊಂಡು ತಂದ ಡಿಎಪಿ, ಎಲ್ಲ ಅದರ ಜೊತೆಗೇ ಹೋಗುತ್ತದೆ.

ಹೋದ ಮಣ್ಣು ಡೋಣಿಗೆ ಸೇರುತ್ತದೆ. 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಅಂತ ನಮ್ಮ ಹಿರಿಯರು ಹಾಡಿ ಹೊಗಳಿದ ಹೊಳೆ ಅದು. ಈಗ ಅದರ ಹೊಟ್ಟೆಯಲ್ಲಿ ಹೂಳು ತುಂಬಿದೆ, ಮೇಲೆ ಬಳ್ಳಾರಿ ಜಾಲಿ ಬೆಳೆದಿದೆ. ಜೋರು ಮಳೆಯಾದರೆ ಹೊಳೆಗೆ ಹಿಡಿಯುವುದಿಲ್ಲ, ಎಡಬಲದ ಹೊಲಕ್ಕೆ ನುಗ್ಗುತ್ತದೆ. ತಾಳಿಕೋಟೆ ಹತ್ತಿರ ಸೇತುವೆ ಮೇಲೆ ನೀರು ಬಂದು ದಾರಿ ಬಂದ್ ಆಗುವುದನ್ನು ನೀವೂ ಪೇಪರಿನಲ್ಲಿ ನೋಡಿರುತ್ತೀರಿ. ಹೂಳು ತೆಗೆಸಿ ಅಂತ ದಂಡೆಯ ರೈತರು ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ತೆಗೆಸಲೇಬೇಕು. ಆದರೆ ಆ ಹೂಳು ಎಲ್ಲಿಂದ ಬಂತು? ನಮ್ಮ ಹೊಲದಿಂದ ಬಂತು. ಮೇಲಿನವರು ಒಡ್ಡು ಕಾಯ್ದರೆ ಕೆಳಗಿನವರ ಬೆಳೆ ಉಳಿಯುತ್ತದೆ. ಅದಕ್ಕೇ ನಾನು ಈ ದುಡ್ಡನ್ನು ದಾನ ಅಂತ ಕೇಳುತ್ತಿಲ್ಲ. ನನ್ನ ಹೊಲದ ಒಡ್ಡಿನಿಂದ ನನಗೆ ಲಾಭ ಇದೆ ನಿಜ. ನಾನು ಮುಖವನ್ನೇ ನೋಡದ ತಾಳಿಕೋಟೆಯ ರೈತನಿಗೂ ಅದರಲ್ಲಿ ಲಾಭ ಇದೆ. ಆ ಎರಡನೇ ಲಾಭದ ಕೂಲಿ ಕೊಡುವವರು ಯಾರು?

ಈಗ ನಮ್ಮ ಮನೆಯ ಕಥೆ.

ನಮ್ಮ ಮಾವನವರು ಒಡ್ಡಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಾನು ಸೊಸೆಯಾಗಿ ಬಂದ ಮೊದಲ ವರ್ಷ ಹಸ್ತ ಮಳೆ ಹಿಡಿದಿತ್ತು. ಎಲ್ಲರೂ ಹೊಲದಿಂದ ಮನೆಗೆ ಓಡಿ ಬರುತ್ತಿದ್ದರೆ ಅವರು ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಸಲಿಕೆ ಹೆಗಲ ಮೇಲಿಟ್ಟು ಹೊಲದ ಕಡೆ ಹೊರಟರು. 'ಮಳ್ಯಾಗ ಎಲ್ಲಿಗಿ ಹೊಂಟ್ರಿ ಮಾವಾರ?' ಅಂದೆ. 'ಮಳಿ ಇದ್ದಾಗನ ಒಡ್ಡಿನ ಬಾಳೇ ತಿಳಿತೈತಿ ತಂಗಿ, ಬಿಸಲಾಗ ಏನ್ ತಿಳಿತೈತಿ' ಅಂದರು. ಆಮೇಲೆ ನಾನೂ ಹೋಗುವುದನ್ನು ಕಲಿತೆ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಒಡ್ಡಿನ ತಲೆ ಹತ್ತಿ ಇಳಿಯುತ್ತದೆ, ಎಲ್ಲಿ ಇಲಿ, ಏಡಿ ತೋಡಿದ ಬಿಲದಿಂದ ಸಣ್ಣಗೆ ಸೋರುತ್ತದೆ, ಇದೆಲ್ಲ ಮಳೆಯಲ್ಲಿ ನಿಂತರೆ ಮಾತ್ರ ಗೊತ್ತಾಗುತ್ತದೆ. ಬೆರಳು ಗಾತ್ರದ ಸೋರಿಕೆಯನ್ನು ಅವತ್ತೇ ತುಳಿದು ಮುಚ್ಚಿದರೆ ಎರಡು ಸಲಿಕೆ ಮಣ್ಣು ಸಾಕು. ಬಿಟ್ಟರೆ ಬೆಳಗಾಗುವಷ್ಟರಲ್ಲಿ ಎತ್ತು ದಾಟುವಷ್ಟು ದೊಡ್ಡ ಬಾಯಿ ಬಿದ್ದಿರುತ್ತದೆ.

ಮಾವನವರು ತೀರಿಕೊಂಡ ಮೇಲೆ ನಮ್ಮ ಹೊಲದ ಕಡೆ ಒಂದು ಯೋಜನೆ ಬಂತು. ಯಾವುದು, ಯಾವ ಕಚೇರಿಯದು ಅಂತ ಇಲ್ಲಿ ಹೇಳುವುದಿಲ್ಲ. ಒಬ್ಬರನ್ನು ಹಿಡಿದು ಬಯ್ಯಲು ನಾನು ಬರೆಯುತ್ತಿಲ್ಲ. ಬೇಸಿಗೆಯಲ್ಲಿ ಜೆಸಿಬಿ ಬಂತು. ಒಂದೂವರೆ ದಿನದಲ್ಲಿ ನಮ್ಮ ಸಾಲಿನ ಹೊಲಗಳಿಗೆಲ್ಲ ಒಡ್ಡು ಎದ್ದು ನಿಂತವು. ನೋಡಲು ಚಂದ, ದಾರ ಹಿಡಿದ ಹಾಗೆ ನೆಟ್ಟಗೆ. ಆದರೆ ನೆಲ ನೆಟ್ಟಗಿರಲಿಲ್ಲ. ಇಳಿಜಾರು ನೋಡಿ ಬಾಗಿಸಬೇಕಿತ್ತು, ಹೆಚ್ಚಿನ ನೀರು ಹೋಗಲು ಕಲ್ಲಿನ ಕೋಡಿ ಇಡಬೇಕಿತ್ತು. ಎರಡೂ ಆಗಲಿಲ್ಲ. ನಾನು ಕೇಳಿದೆ. 'ಆಮ್ಯಾಲೆ ಬರ್ತೈತ್ರಿ' ಅಂದರು. ಅದೇ ವರ್ಷ ಉತ್ತರಿ ಮಳೆಗೆ ಎರಡು ಕಡೆ ಒಡೆಯಿತು. ನಿಂತ ನೀರೆಲ್ಲ ಒಂದೇ ಬಾಯಿಂದ ನುಗ್ಗಿ ಹೋಗಿದ್ದಕ್ಕೆ ಮೊದಲು ಇಲ್ಲದ ಕಡೆ ಸೊಂಟದಷ್ಟು ಆಳದ ಕೊರಕಲು ಬಿತ್ತು. ಒಡ್ಡು ಇಲ್ಲದಿದ್ದರೆ ಅಷ್ಟು ಆಗುತ್ತಿರಲಿಲ್ಲ.

ಕಚೇರಿಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಮಾತಾಡಿದರು. 'ಅಮ್ಮಾರ, ನಿಮ್ಮ ಹೊಲದ ಕಾಮಗಾರಿ ಮುಗದೈತ್ರಿ, ಬಿಲ್ಲೂ ಆಗೇತಿ. ರಿಪೇರಿಗಿ ಹೆಡ್ ಇಲ್ರಿ' ಅಂದರು. ಹೆಡ್ ಇಲ್ಲ. ಆ ಮಾತು ನನ್ನ ತಲೆಯಲ್ಲಿ ಇವತ್ತಿಗೂ ಕೂತಿದೆ. ಅವರು ಸುಳ್ಳು ಹೇಳಲಿಲ್ಲ. ಹೊಸ ಒಡ್ಡು ಹಾಕಲು ದುಡ್ಡಿತ್ತು, ಹಾಕಿದ್ದನ್ನು ಉಳಿಸಲು ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಾನು, ನನ್ನ ಗಂಡ ಸೇರಿ ಅದನ್ನು ಕಟ್ಟಿದೆವು. ಒಡೆದ ಕಡೆ ಕಲ್ಲು ಪೇರಿಸಿ ಕೋಡಿ ಮಾಡಿದೆವು. ಒಡ್ಡಿನ ಮೈಗೆ ಹುಲ್ಲು ಹಚ್ಚಿದೆವು. ಅಲ್ಲಲ್ಲಿ ಬೇವು, ಹುಣಸೆ ಇಟ್ಟೆವು. ಈಗ ಅದು ನಿಂತಿದೆ. ಆದರೂ ವರ್ಷಕ್ಕೆ ಇಬ್ಬರು ಕೂಡಿ ನಾಲ್ಕು ದಿನದ ಕೆಲಸ ಇದ್ದೇ ಇರುತ್ತದೆ. ಕುಸಿದ ಕಡೆ ಮಣ್ಣು ಏರಿಸಬೇಕು, ಬಿಲ ಮುಚ್ಚಬೇಕು, ಕೋಡಿಯ ಕಲ್ಲು ಸರಿ ಮಾಡಬೇಕು. ಅಂದರೆ ಎಂಟು ಆಳು. ಉದ್ಯೋಗ ಖಾತ್ರಿಯಲ್ಲಿ 2025-26ರ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕ ಹಿಡಿದರೆ 2,960 ರೂಪಾಯಿ.

ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. ಒಡ್ಡು ನೆಲ ತಿನ್ನುತ್ತದೆ. ತಳ ಎರಡು ಮೀಟರ್ ಅಗಲ ಅಂತ ಹಿಡಿಯಿರಿ. ನೂರು ಮೀಟರ್ ಒಡ್ಡಿಗೆ ಎರಡು ಗುಂಟೆ ಹೋಯಿತು. ನಮ್ಮ ನಾಲ್ಕು ಎಕರೆಯಲ್ಲಿ ಮುನ್ನೂರು ಮೀಟರ್ ಒಡ್ಡು ಇದೆ, ಅಂದರೆ ಆರು ಗುಂಟೆ. ಎಕರೆಗೆ ಐದು ಕ್ವಿಂಟಲ್ ಜೋಳ ಬರುವ ವರ್ಷ ಆರು ಗುಂಟೆಯಲ್ಲಿ 75 ಕಿಲೋ ಬರಬೇಕಿತ್ತು. ನಮ್ಮಂಥ ಮನೆಗೆ ಅದು ಒಂದೆರಡು ತಿಂಗಳ ರೊಟ್ಟಿ. ಅದಕ್ಕೇ ಪಕ್ಕದ ಹೊಲದವರು ವರ್ಷಕ್ಕೊಂದು ಸಾಲು, ವರ್ಷಕ್ಕೊಂದು ಸಾಲು ಅಂತ ಒಡ್ಡನ್ನು ಕೆತ್ತುತ್ತಾ ಬರುತ್ತಾರೆ. ಹತ್ತು ವರ್ಷದಲ್ಲಿ ಒಡ್ಡು ಬದುವಾಗುತ್ತದೆ, ಬದು ಗೆರೆಯಾಗುತ್ತದೆ. ಅವರನ್ನು ತಪ್ಪಿತಸ್ಥರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಆ ಒಡ್ಡಿನಿಂದ ಕೈಗೆ ಬರುವುದು ಏನೂ ಕಾಣುವುದಿಲ್ಲ, ಹೋಗುವುದು ಮಾತ್ರ ಕಣ್ಣೆದುರಿಗೇ ಇದೆ.

ಸರ್ಕಾರ ಮಣ್ಣಿಗಾಗಿ ಖರ್ಚು ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಈ ಕೆಲಸ ನಮ್ಮ ಜಿಲ್ಲೆಯಲ್ಲಿ ಇವತ್ತು ನಿನ್ನೆಯದಲ್ಲ. 1876ರಿಂದ 78ರ ಬರ ಈ ಸೀಮೆಯಲ್ಲಿ ಊರೂರು ಖಾಲಿ ಮಾಡಿತು. 1930ರ ದಶಕದಲ್ಲಿ ಒಣ ಬೇಸಾಯದ ಸಂಶೋಧನೆಗೆ ಇಡೀ ದೇಶದಲ್ಲಿ ಐದು ಜಾಗ ಆರಿಸಿದಾಗ ಅದರಲ್ಲಿ ವಿಜಾಪುರವೂ ಒಂದು. ಸೊಲ್ಲಾಪುರ, ರಾಯಚೂರು, ಹಗರಿ, ರೋಹ್ಟಕ್ ಉಳಿದ ನಾಲ್ಕು. ಒಡ್ಡು ಹಾಕಿ, ಆಳವಾಗಿ ಉತ್ತು, ಸಾಲು ದೂರ ಬಿಟ್ಟು ಬಿತ್ತಿ, ಮೇಲಿಂದ ಮೇಲೆ ಎಡೆ ಹೊಡೆಯಿರಿ ಅಂತ ಆಗಲೇ ಹೇಳಿದ್ದರು. 1942ರಲ್ಲಿ ಮುಂಬೈ ಪ್ರಾಂತ್ಯದವರು ಒಡ್ಡು ಹಾಕಿಸಲು ಭೂ ಸುಧಾರಣಾ ಯೋಜನೆಗಳ ಕಾಯ್ದೆಯನ್ನೇ ತಂದರು. ನಾವು ಆಗ ಆ ಪ್ರಾಂತ್ಯದಲ್ಲಿದ್ದೆವು. 2014ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂತು. ಕೃಷಿ ಹೊಂಡಕ್ಕೆ ಸಾಮಾನ್ಯರಿಗೆ 80, ಪರಿಶಿಷ್ಟರಿಗೆ 90 ಪರ್ಸೆಂಟ್ ಸಹಾಯಧನ. ನಮ್ಮ ಕಡೆ ಹೊಂಡದ ನೀರಿನಿಂದ ಒಂದು ತೇವ ಕೊಟ್ಟು ತೊಗರಿ ಉಳಿಸಿಕೊಂಡವರು ಇದ್ದಾರೆ. ಅದು ಒಳ್ಳೆಯ ಯೋಜನೆ. ಆದರೆ ಅಲ್ಲೂ ಇದೇ ಕಥೆ. ಹೊಂಡದ ತಾಡಪತ್ರಿ ಹರಿದ ಮೇಲೆ ಏನು ಅಂತ ಕೇಳಿದರೆ ಉತ್ತರ ಇಲ್ಲ.

ಜಲಾನಯನದ ಕೇಂದ್ರ ಯೋಜನೆಯಲ್ಲಿ 2021ರಿಂದ ಬಯಲು ಸೀಮೆಗೆ ಹೆಕ್ಟೇರಿಗೆ 22,000 ರೂಪಾಯಿ ಲೆಕ್ಕ ಹಿಡಿದಿದ್ದರು. ಮೂರರಿಂದ ಐದು ವರ್ಷದಲ್ಲಿ ಅದನ್ನು ಖರ್ಚು ಮಾಡಿ, ವರದಿ ಬರೆದು, ಮುಂದಿನ ಹಳ್ಳಕ್ಕೆ ಹೋಗುತ್ತಾರೆ. ನನ್ನ ಮನೆಯ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ. ನಾಲ್ಕು ಎಕರೆಗೆ ಎಂಟು ಆಳು ಅಂದರೆ ಎಕರೆಗೆ ಎರಡು ಆಳು, 740 ರೂಪಾಯಿ. ಹೆಕ್ಟೇರಿಗೆ 1,830 ರೂಪಾಯಿ ಹತ್ತಿರ. ಒಂದು ಸಲ ಕಟ್ಟಲು ಇಟ್ಟ 22,000ದಲ್ಲಿ ಹನ್ನೆರಡು ವರ್ಷ ಕಾಯುವ ಕೂಲಿ ಬರುತ್ತದೆ. ಕಟ್ಟುವುದು ಬೇಡ ಅಂತಲ್ಲ. ಕಟ್ಟಿದ್ದು ಮೂರೇ ವರ್ಷಕ್ಕೆ ಒಡೆದು, ಅದೇ ಜಾಗಕ್ಕೆ ಇನ್ನೊಂದು ಯೋಜನೆ ಬಂದು ಮತ್ತೆ ಕಟ್ಟುವುದಕ್ಕಿಂತ ಇದು ಕಡಿಮೆ ಖರ್ಚು ಅಲ್ವಾ?

ಬದುಕಿದ್ದಕ್ಕೆ ದುಡ್ಡು ಕೊಡುವುದು ನಿಮಗೆ ಗೊತ್ತಿಲ್ಲದ ದಾರಿಯೇನಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನೋಡಿ. ಸಸಿ ನೆಟ್ಟ ಮಾತ್ರಕ್ಕೆ ಅಲ್ಲಿ ಪ್ರೋತ್ಸಾಹಧನ ಕೊಡುವುದಿಲ್ಲ. ಒಂದು ವರ್ಷ ಬದುಕಿದರೆ 35, ಎರಡನೇ ವರ್ಷವೂ ಬದುಕಿದರೆ 40, ಮೂರನೇ ವರ್ಷಕ್ಕೆ 50, ಹೀಗೆ ಒಂದು ಸಸಿಗೆ ಒಟ್ಟು 125 ರೂಪಾಯಿ. ನಮ್ಮ ಒಡ್ಡಿನ ಮೇಲಿನ ಬೇವಿಗೆ ಬೇಸಿಗೆಯಲ್ಲಿ ಕೊಡದಿಂದ ನೀರು ಹಾಕುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ಸಸಿಗೆ ಇರುವ ನಿಯಮ ಸಸಿ ನಿಂತ ಒಡ್ಡಿಗೆ ಯಾಕಿಲ್ಲ?

ಇನ್ನು ಹಾಲು. ಡೇರಿಗೆ ಹಾಕಿದ ಹಾಲಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತೀರಿ. ನಾನೂ ಹಾಕುತ್ತೇನೆ. ಅಲ್ಲಿ ಯಾರೂ ನನ್ನ ಉತಾರ ಕೇಳುವುದಿಲ್ಲ. ಎಮ್ಮೆ ಕಟ್ಟಿದ ಜಾಗ ಯಾರ ಹೆಸರಲ್ಲಿದೆ ಅಂತ ಕೇಳುವುದಿಲ್ಲ. ಹಾಲು ಹಾಕಿದವರಿಗೆ ದುಡ್ಡು. ಹೊಲಕ್ಕೆ ಬಂದ ಕೂಡಲೇ ಎಲ್ಲ ತಿರುವುಮುರುವು. ಬೆವರು ಯಾರದೇ ಇರಲಿ, ಉತಾರದಲ್ಲಿ ಹೆಸರಿದ್ದವರಿಗೆ ದುಡ್ಡು.

ನನ್ನ ಕಷ್ಟದಲ್ಲಿ ಇದೇ ದೊಡ್ಡದು. ನಮ್ಮ ನಾಲ್ಕು ಎಕರೆಯ ಉತಾರ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲಿದೆ. ಅವರಿಗೆ ಮೂವರು ಮಕ್ಕಳು, ಒಬ್ಬರು ಗೋವಾದಲ್ಲಿ, ಒಬ್ಬರು ಪುಣೆಯಲ್ಲಿ. ವಾರಸಾ ಮಾಡಿಸಲು ಎಲ್ಲರೂ ಒಂದೇ ದಿನ ಕೂಡುವುದು ಆಗಿಲ್ಲ. ಹಾಗಾಗಿ ಆ ಹೊಲದ ಮೇಲೆ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇಲ್ಲ, ಎಫ್‌ಐಡಿ ಇಲ್ಲದೆ ಹೊಂಡದ ಅರ್ಜಿ ತೆಗೆದುಕೊಳ್ಳುವುದಿಲ್ಲ. ಇಂಥ ಮನೆ ನಮ್ಮ ಓಣಿಯಲ್ಲೇ ನಾಲ್ಕಾರು ಇವೆ. ಇದು ನಮ್ಮ ತಪ್ಪೂ ಹೌದು, ಸರಿಮಾಡಿಕೊಳ್ಳುತ್ತೇವೆ. ತೀರಿಹೋದವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಮಾಡಿಕೊಡಲು ಕಂದಾಯದವರು ಊರಿಗೇ ಬಂದರೆ ಬೇಗ ಆಗುತ್ತದೆ.

ಆದರೆ ಲಾವಣಿ ಹೊಲಕ್ಕೆ ಸರಿಮಾಡಿಕೊಳ್ಳುವ ದಾರಿಯೇ ಇಲ್ಲ. ಆ ಆರು ಎಕರೆಯ ಮಾಲೀಕರು ಊರಲ್ಲಿಲ್ಲ. ನಮ್ಮ ಮಾತು ಯುಗಾದಿಯಿಂದ ಯುಗಾದಿಗೆ, ಎಲ್ಲ ಬಾಯಿ ಮಾತು. ಮೂಡಣ ದಿಕ್ಕಿಗೆ ಹೊಲ ಇಳಿಜಾರಾಗಿದೆ, ಅಲ್ಲಿ ಒಂದು ಒಡ್ಡು ಬೇಕೇ ಬೇಕು. ಪ್ರತಿ ಸಲ ಮಳೆ ಬಂದಾಗ ಆ ಮೂಲೆಯಿಂದ ಕೆಂಚಾಗಿ ನೀರು ಹರಿದುಹೋಗುವುದನ್ನು ನೋಡುತ್ತಾ ನಿಲ್ಲುತ್ತೇನೆ. ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಮ್ಮ ದುಡ್ಡಿನಿಂದ ಒಡ್ಡು ಹಾಕಿಸಿದರೆ ಮುಂದಿನ ಯುಗಾದಿಗೆ ಹೊಲ ನಮ್ಮ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಒಡ್ಡು ಚೆನ್ನಾಗಿ ಆದರೆ ಲಾವಣಿಯೇ ಜಾಸ್ತಿ ಆದರೂ ಆಗಬಹುದು. ಸರ್ಕಾರದಿಂದ ಹಾಕಿಸಿ ಅಂತ ಮಾಲೀಕರಿಗೆ ಫೋನ್ ಮಾಡಿದೆ. 'ಒಡ್ಡು ಬ್ಯಾಡ ಅನ್ನೂದಿಲ್ಲ ತಂಗಿ. ಆದ್ರ ಯಾವ ಕಾಗದದಾಗೂ ನಿನ್ನ ಹೆಸರು ಬರಬಾರದು ನೋಡವ್ವ' ಅಂದರು.

ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ. 1974ರ ಮಾರ್ಚ್ 1ಕ್ಕೆ ಗೇಣಿ ಹೊಲಗಳೆಲ್ಲ ಸರ್ಕಾರದ ಪಾಲಾಗಿ ಉಳುವವರಿಗೆ ಸಿಕ್ಕವು. ಆ ಕಾಯ್ದೆಯ ಮೇಲೆ ನನಗೆ ತುಂಬ ಗೌರವ. ನನ್ನ ತವರಿನ ಅಜ್ಜ ಉಳುವ ಹೊಲ ತಮ್ಮ ಹೆಸರಿಗೆ ಬೇಕು ಅಂತ 7ನೇ ನಮೂನೆ ಅರ್ಜಿ ಹಾಕಿ ಎರಡು ಎಕರೆ ಪಡೆದವರು. ಆ ಎರಡು ಎಕರೆ ಇಲ್ಲದಿದ್ದರೆ ನಾನು ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ, ಈ ಪತ್ರವನ್ನೂ ಬರೆಯುತ್ತಿರಲಿಲ್ಲ. ಆದರೆ ಅವತ್ತಿನಿಂದ ಕಾನೂನಿನ ಲೆಕ್ಕದಲ್ಲಿ ಗೇಣಿ ಅನ್ನುವುದೇ ಇಲ್ಲ. ಊರಲ್ಲಿ ಮಾತ್ರ ಲಾವಣಿ ಇದೆ, ಪಾಲು ಇದೆ, ಕೋರು ಇದೆ. 2020ರ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಹಾಗೆ ಕೊಂಡವರೆಲ್ಲ ರಂಟೆ ಹಿಡಿಯುತ್ತಾರೆಯೇ? ಅವರ ಹೊಲವನ್ನೂ ನಮ್ಮಂಥವರೇ ಮಾಡಬೇಕು. ಹೊಲ ಮಾಡುವವರು ಕಾಗದದಲ್ಲಿ ಇಲ್ಲ, ಕಾಗದದಲ್ಲಿ ಇರುವವರು ಹೊಲದಲ್ಲಿ ಇಲ್ಲ. ಹೀಗಿರುವಾಗ ಬರೀ ಕಾಗದ ನೋಡಿ ದುಡ್ಡು ಕೊಟ್ಟರೆ ಮಣ್ಣು ಉಳಿಯುವುದು ಹೇಗೆ?

ಬೇರೆ ಕಡೆ ಏನಾಗಿದೆ ಅಂತ ನಾನು ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ 1985ರ ಕೃಷಿ ಕಾಯ್ದೆಯಲ್ಲಿ ಒಂದು ಏರ್ಪಾಡು ಮಾಡಿದರು. ಮಣ್ಣು ಬೇಗ ಕೊಚ್ಚಿಹೋಗುವ ಹೊಲದಲ್ಲಿ ಬಿತ್ತನೆ ನಿಲ್ಲಿಸಿ, ಹುಲ್ಲು, ಗಿಡ ಬೆಳೆಸಿದರೆ ಸರ್ಕಾರ ವರ್ಷ ವರ್ಷ ಬಾಡಿಗೆ ಕೊಡುತ್ತದೆ. ಒಪ್ಪಂದ 10ರಿಂದ 15 ವರ್ಷದ್ದು. ಹೊಲ ಬೀಳು ಬಿಡುವುದು ನಮ್ಮಿಂದ ಆಗದ ಮಾತು, ನಾಲ್ಕು ಎಕರೆಯವರು ಏನು ತಿನ್ನಬೇಕು? ಆದರೆ ವರ್ಷ ವರ್ಷ ಕೊಡುವುದು ಮತ್ತು ಹತ್ತು ವರ್ಷದ ಮಾತು ಕೊಡುವುದು, ಈ ಎರಡು ನಮಗೆ ಬೇಕು.

ಅದೇ ದೇಶದಲ್ಲಿ ಇನ್ನೊಂದು ಕಥೆಯೂ ಇದೆ. 1933ರಲ್ಲಿ ಹತ್ತಿ ಬೆಳೆ ಕಡಿಮೆ ಮಾಡಲು ಹೊಲದ ಒಡೆಯರಿಗೆ ದುಡ್ಡು ಕೊಟ್ಟರು. ಪಾಲಿಗೆ ಮಾಡುವವರಿಗೂ ಅದರಲ್ಲಿ ಪಾಲು ಸೇರಬೇಕಿತ್ತು. ಎಷ್ಟೋ ಒಡೆಯರು ಕೊಡಲಿಲ್ಲ. ದುಡ್ಡು ಇಟ್ಟುಕೊಂಡು ಪಾಲುಗಾರರನ್ನು ಹೊಲ ಬಿಡಿಸಿ ಕಳಿಸಿದರು. 1934ರಲ್ಲಿ ಅರ್ಕಾನ್ಸಾ ರಾಜ್ಯದಲ್ಲಿ ಕರಿಯರು, ಬಿಳಿಯರು ಅನ್ನದೆ ಪಾಲುಗಾರರೆಲ್ಲ ಕೂಡಿ ಸಂಘ ಕಟ್ಟಬೇಕಾಯಿತು. ಅಷ್ಟು ದೂರ ಯಾಕೆ, ಪಕ್ಕದ ತೆಲಂಗಾಣದಲ್ಲಿ 2018ರಲ್ಲಿ ರೈತ ಬಂಧು ಬಂತು. ಒಂದು ಹಂಗಾಮಿಗೆ ಎಕರೆಗೆ 4,000 ರೂಪಾಯಿ. ಒಡೆಯರಿಗೆ ಸಿಕ್ಕಿತು, ಗೇಣಿಗೆ ಮಾಡುವ ಕೌಲುದಾರರಿಗೆ ಸಿಗಲಿಲ್ಲ. ನೀವು ಹೊಸದೇನಾದರೂ ಮಾಡುವುದಿದ್ದರೆ ಈ ಎರಡನ್ನೂ ಮುಂದೆ ಇಟ್ಟುಕೊಂಡು ಮಾಡಿ. ಆಂಧ್ರದವರು 2019ರಲ್ಲಿ ಒಂದು ಕಾಯ್ದೆ ಮಾಡಿ, ಉಳುವವರಿಗೆ 11 ತಿಂಗಳ ಕಾರ್ಡು ಕೊಡಲು ಶುರು ಮಾಡಿದರು. ಅದರಿಂದ ಹೊಲದ ಒಡೆತನಕ್ಕೆ ಏನೂ ಧಕ್ಕೆ ಇಲ್ಲ ಅಂತ ಕಾಯ್ದೆಯಲ್ಲೇ ಬರೆದರು. ಆದರೆ ಆ ಕಾರ್ಡಿಗೆ ಮಾಲೀಕರ ಸಹಿ ಬೇಕಿತ್ತು. ನಮ್ಮ ಕಡೆ ಸಹಿ ಕೇಳಿದರೆ ಹೊಲವೇ ಹೋಗುತ್ತದೆ.

ಅದಕ್ಕೆ ನನಗೆ ತೋಚಿದ ದಾರಿ ಹೇಳುತ್ತೇನೆ. ದುಡ್ಡನ್ನು ಬೇಸಾಯಕ್ಕೆ ಅಂತ ಕೊಡಬೇಡಿ, ಒಡ್ಡು ಕಾಯುವ ಕೂಲಿ ಅಂತ ಕೊಡಿ. ಕೂಲಿ ತೆಗೆದುಕೊಂಡವರು ಹೊಲದ ಮೇಲೆ ಹಕ್ಕು ಕೇಳಲು ಬರುವುದಿಲ್ಲ, ಇದು ಮಾಲೀಕರಿಗೂ ಗೊತ್ತು. ಖಾತ್ರಿ ಕೆಲಸದಲ್ಲಿ ಬೇರೆಯವರ ಹೊಲದಲ್ಲಿ ಬದು ಹಾಕಿದವರು ಯಾರಾದರೂ ಹೊಲ ಕೇಳಿದ್ದಾರೆಯೇ? ಯಾವ ಒಡ್ಡನ್ನು ಯಾರು ಕಾಯುತ್ತಾರೆ ಅಂತ ಗ್ರಾಮಸಭೆಯಲ್ಲಿ ಎಲ್ಲರೆದುರು ಓದಿಸಿ. ಊರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಯಾರ ಹೊಲ ಯಾರು ಮಾಡುತ್ತಾರೆ ಅಂತ ಕಟ್ಟೆ ಮೇಲೆ ಕೂತ ಯಾವ ಅಜ್ಜನನ್ನು ಕೇಳಿದರೂ ಹೇಳುತ್ತಾನೆ.

ಒಡ್ಡು ನಿಂತಿದೆಯೋ ಇಲ್ಲವೋ ನೋಡುವುದೂ ಕಷ್ಟವಲ್ಲ. ಬೆಳೆ ಸಮೀಕ್ಷೆಗೆ ಊರಿನ ಹುಡುಗರೇ ಮೊಬೈಲ್ ಹಿಡಿದು ಸರ್ವೆ ನಂಬರಿಗೆ ಬಂದು ಫೋಟೋ ತೆಗೆಯುತ್ತಾರೆ. ಅದೇ ಆ್ಯಪಿನಲ್ಲಿ ಒಡ್ಡಿನದೂ ಒಂದು ಫೋಟೋ ಸೇರಿಸಿ. ಒಂದು ಮಳೆಗಾಲಕ್ಕೆ ಮುಂಚೆ, ಒಂದು ಹಿಂಗಾರಿ ಬಿತ್ತನೆ ಆದ ಮೇಲೆ. ನಿಂತಿದ್ದರೆ ಪೂರ್ತಿ ದುಡ್ಡು. ಒಡೆದು ಮತ್ತೆ ಕಟ್ಟಿದ್ದರೂ ಪೂರ್ತಿ ದುಡ್ಡು, ಯಾಕೆಂದರೆ ದೊಡ್ಡ ಮಳೆಗೆ ಯಾವ ಒಡ್ಡೂ ಒಡೆಯಬಹುದು. ಒಡೆದದ್ದನ್ನು ಹಾಗೇ ಬಿಟ್ಟವರಿಗೆ ಆ ವರ್ಷ ಇಲ್ಲ. ಅದಕ್ಕೆ ಕಣ್ಣೀರು ಹಾಕಬೇಕಾಗಿಲ್ಲ. ಬೇಸಿಗೆಯಲ್ಲಿ ಹೊಲದ ತುಂಬ ಚೌಕಾಕಾರದ ಸಣ್ಣ ಮಡಿ, ಅಂದರೆ ಚೌಕು ಮಡಿ ಮಾಡಿ ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿದವರಿಗೂ ಇದೇ ಲೆಕ್ಕದಲ್ಲಿ ಕೊಡಬಹುದು. ಹಿಂಗಾರಿ ಜೋಳದ ಹೊಲಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಚೌಕು ಮಡಿಯನ್ನು ವರ್ಷ ವರ್ಷ ಹೊಸದಾಗಿ ಮಾಡಬೇಕು, ಆ ಖರ್ಚಿಗೆ ಅಂಜಿ ಎಷ್ಟೋ ಜನ ಬಿಟ್ಟರು.

ಬಾಗಲಕೋಟೆ, ಬೆಳಗಾವಿ ಕಡೆಯ ರೈತರ ಮಾತು ಬೇರೆ ಇದೆ. ಜಮಖಂಡಿ, ಮುಧೋಳ, ಅಥಣಿ ಕಡೆ ಕಬ್ಬಿಗೆ ನೀರು ಹೆಚ್ಚಾಗಿ ಹೊಲ ಸವುಳು-ಜವುಳು (ಉಪ್ಪು ಏರಿ ನೀರು ನಿಲ್ಲುವ ನೆಲ) ಆಗಿದೆ. ಅಲ್ಲಿ ಒಳಗೆ ಪೈಪ್ ಹಾಕಿ ಬಸಿಗಾಲುವೆ ಮಾಡಬೇಕು. ಅದರ ಬಗ್ಗೆ ನನಗಿಂತ ಅವರೇ ಚೆನ್ನಾಗಿ ಹೇಳುತ್ತಾರೆ, ಕೇಳಿ. ಆದರೆ ಅಲ್ಲೂ ಪೈಪ್ ಹಾಕಿದ ದಿನ ಬಿಲ್ ಮಾಡಿ ಎದ್ದು ಹೋಗಬೇಡಿ. ಐದು ವರ್ಷ ಆದ ಮೇಲೆ ಆ ಪೈಪಿನಿಂದ ನೀರು ಬರುತ್ತಿದೆಯೇ ಅಂತ ಬಂದು ನೋಡಿ.

ಒಂದು ಮಾತನ್ನು ನಮ್ಮ ಹೆಣ್ಣುಮಕ್ಕಳ ಪರವಾಗಿ ಹೇಳಬೇಕು. ಗಂಡಸರು ಗುಳೆ ಹೋದ ಮನೆಗಳಲ್ಲಿ ಒಡ್ಡು ಕಾಯುವವರು ನಾವೇ. ಉತಾರದಲ್ಲಿ ನಮ್ಮ ಹೆಸರು ಇರುವುದು ಬಹಳ ಕಡಿಮೆ. ಈ ಕೂಲಿ ಕಾಯುವವರ ಖಾತೆಗೆ ನೇರವಾಗಿ ಬಂದರೆ, ಮಣ್ಣಿನ ಕೆಲಸಕ್ಕೆ ಸರ್ಕಾರ ಕೊಟ್ಟ ದುಡ್ಡನ್ನು ಎಷ್ಟೋ ಹೆಣ್ಣುಮಕ್ಕಳು ಮೊದಲ ಸಲ ತಮ್ಮ ಹೆಸರಲ್ಲಿ ಕಾಣುತ್ತಾರೆ. ಅದಕ್ಕೆ ಬೇರೆ ಯೋಜನೆ, ಬೇರೆ ಹೆಸರು, ಬೇರೆ ಸಮಾರಂಭ ಏನೂ ಬೇಡ.

ನೀವು ಒಮ್ಮೆ ನಮ್ಮ ಊರಿಗೆ ಬನ್ನಿ. ಎಳ್ಳಮವಾಸ್ಯೆಗೆ ಬಂದರೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಎಣ್ಣೆಗಾಯಿ ಬಡಿಸಿ ಕಳಿಸುತ್ತೇವೆ. ಆದರೆ ನನ್ನ ಆಸೆ ಬೇರೆ ಇದೆ. ಹಸ್ತ ಮಳೆ ಜೋರಾಗಿ ಹಿಡಿದ ದಿನ ಬನ್ನಿ. ಕಾರು ಡಾಂಬರು ರಸ್ತೆಯಲ್ಲೇ ನಿಲ್ಲುತ್ತದೆ, ಎರಿಯಲ್ಲಿ ಮುಂದೆ ಬರುವುದಿಲ್ಲ. ಅಲ್ಲಿಂದ ನಡೆದು ಬಂದು ನಮ್ಮ ಹೊಲದ ಕೋಡಿಯಿಂದ ಇಳಿಯುವ ನೀರು ನೋಡಿ, ತಿಳಿಯಾಗಿರುತ್ತದೆ. ಹಾಗೇ ಹತ್ತು ಮಾರು ದಾಟಿ ಲಾವಣಿ ಹೊಲದ ಮೂಡಣ ಮೂಲೆಗೆ ಬನ್ನಿ. ಅಲ್ಲಿ ಇಳಿಯುವ ನೀರನ್ನೂ ನೋಡಿ. ಎರಡೂ ಹೊಲ ಮಾಡುವವರು ನಾವೇ.

ಯುಗಾದಿ ಮರುದಿನ ಮಾಲೀಕರು ಲಾವಣಿ ಮಾತಿಗೆ ಊರಿಗೆ ಬರುತ್ತಾರೆ. ಬೇಸಿಗೆ ಕಳೆಯುವುದರೊಳಗೆ ಆ ಮೂಡಣ ಮೂಲೆಗೆ ಒಡ್ಡು ಹಾಕಬೇಕೋ, ಇನ್ನೊಂದು ವರ್ಷ ಹಾಗೇ ಬಿಡಬೇಕೋ ಅಂತ ನಾವು ಅವತ್ತು ತೀರ್ಮಾನ ಮಾಡಬೇಕು. ಅಷ್ಟರೊಳಗೆ ನಿಮ್ಮಿಂದ ಒಂದು ಉತ್ತರ ಬಂದರೆ ಅವರಿಗೆ ತೋರಿಸುತ್ತೇನೆ.

ನಿಮ್ಮ ವಿಶ್ವಾಸಿ,
ಡೋಣಿ ದಂಡೆಯ ಒಬ್ಬ ರೈತ ಹೆಣ್ಣುಮಗಳು
ವಿಜಯಪುರ ಜಿಲ್ಲೆ